ಕೈತೋಟದ ಕಪ್ಪು ಡಿಕಾಕ್ಷನ್

ಆಸಿಡ್ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬಚ್ಚಲಿನ ಮೂಲೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಟ್ಟ ಬಾಟಲಿ. ಹಾಗಾಗಿ ಗೊಬ್ಬರದಂಗಡಿಯವರು ‘ಹ್ಯೂಮಿಕ್ ಆಸಿಡ್ ಹಾಕಿ ನೋಡಿ, ಗಿಡ ಹೇಗೆ ಏಳುತ್ತೆ’ ಎಂದಾಗ ಹೊಸದಾಗಿ ಕೈತೋಟ ಶುರುಮಾಡಿದವರು ಒಂದು ಹೆಜ್ಜೆ ಹಿಂದೆ ಸರಿದರೆ ತಪ್ಪೇನಿಲ್ಲ. ಅಂಗಡಿಯವರು ಪೊಟ್ಟಣ ಬಿಚ್ಚಿ ತೋರಿಸುತ್ತಾರೆ. ಹೊಗೆಯಿಲ್ಲ, ಘಾಟಿಲ್ಲ. ಒಡೆದ ಕರಿಬಳೆಯ ಚೂರಿನಂತೆ ಮಿರಿಮಿರಿ ಮಿಂಚುವ ಹಳುಕುಗಳು. ಒಂದು ಚಿಟಿಕೆ ತೆಗೆದು ಲೋಟದ ನೀರಿಗೆ ಬಿಟ್ಟರೆ ಕಂದು ಬಣ್ಣ ಎಳೆ ಎಳೆಯಾಗಿ ತಳಕ್ಕಿಳಿಯುತ್ತದೆ. ಒಂದು ಸಲ ಕದಡಿದರೆ ಲೋಟದ ತುಂಬ ಗಟ್ಟಿ ಡಿಕಾಕ್ಷನ್! ಹಾಲು ಸಕ್ಕರೆ ಹಾಕುವುದೊಂದೇ ಬಾಕಿ ಎನ್ನಿಸುವಷ್ಟು.

ಹೆಸರಿನಲ್ಲಿರುವ ಆಸಿಡ್ ಆ ಲೋಟದಲ್ಲಿಲ್ಲ. ಅಂಗಡಿಗಳಲ್ಲಿ ಹ್ಯೂಮಿಕ್ ಆಸಿಡ್ ಎಂದು ಮಾರಾಟವಾಗುವುದು ಬಹುಮಟ್ಟಿಗೆ ಪೊಟ್ಯಾಸಿಯಂ ಹ್ಯೂಮೇಟ್, ಅಂದರೆ ಆ ಆಮ್ಲದ ಲವಣ. ಅದರ ದ್ರಾವಣ ಹುಳಿಯಲ್ಲ, ಕ್ಷಾರ. ಪಿಎಚ್ 9ರಿಂದ 10ರ ಆಸುಪಾಸು. ಗುಲಾಬಿಯ ಎಲೆ ಹಳದಿಯಾಯಿತು, ಮಣ್ಣಿಗೆ ಹುಳಿ ಬೇಕಂತೆ, ಹೆಸರಿನಲ್ಲೇ ಆಸಿಡ್ ಇದೆಯಲ್ಲ ಎಂದುಕೊಂಡು ಇದನ್ನು ಸುರಿಯುವುದೆಂದರೆ ದೋಸೆಹಿಟ್ಟು ಹುಳಿಯಾಗಲಿ ಎಂದು ಅದಕ್ಕೆ ಸೋಡಾಪುಡಿ ಹಾಕಿದಂತೆ. ಪುಣ್ಯಕ್ಕೆ ಹಾಕುವ ಪ್ರಮಾಣ ಎಷ್ಟು ಕಡಿಮೆಯೆಂದರೆ ಮಣ್ಣಿನ ಪಿಎಚ್ ಅತ್ತಲೂ ಹೋಗುವುದಿಲ್ಲ, ಇತ್ತಲೂ ಬರುವುದಿಲ್ಲ. ಆ ಪ್ರಮಾಣದ ಲೆಕ್ಕವೇ ಈ ಮಾತಿನ ತಿರುಳು. ಅದಕ್ಕೆ ಮೊದಲು ಈ ಕಪ್ಪು ಎಲ್ಲಿಂದ ಬಂತು ಎಂಬುದನ್ನು ನೋಡೋಣ.

1786ರಲ್ಲಿ ಫ್ರಾಂಜ್ ಕಾರ್ಲ್ ಆಶಾರ್ಡ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಜೌಗುನೆಲದಲ್ಲಿ ಅರೆಕೊಳೆತು ಗಟ್ಟಿಯಾದ ಸಸ್ಯರಾಶಿಯನ್ನು, ಅಂದರೆ ಪೀಟನ್ನು, ಕ್ಷಾರದಲ್ಲಿ ನೆನೆಸಿದ. ಕಪ್ಪು ರಸ ಬಿಟ್ಟಿತು. ಆ ರಸಕ್ಕೆ ಆಮ್ಲ ಸೇರಿಸಿದಾಗ ಕಪ್ಪು ಗಷ್ಟು ತಳಕ್ಕೆ ಕೂತಿತು. ಬೀಟ್‌ರೂಟ್ ಜಾತಿಯ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಮೊದಲ ಕಾರ್ಖಾನೆಯನ್ನು ಮುಂದೆ ಕಟ್ಟಿದವನೂ ಈತನೇ. ಜಗತ್ತು ಅವನನ್ನು ನೆನೆಯುವುದು ಸಿಹಿಗಾಗಿ. ಆ ಗಷ್ಟನ್ನು ನೆನೆಯುವವರು ಮಣ್ಣಿನ ವಿದ್ಯಾರ್ಥಿಗಳು ಮಾತ್ರ. ಇಂದಿಗೂ ಹ್ಯೂಮಿಕ್ ಆಮ್ಲದ ವ್ಯಾಖ್ಯೆ ಅವನ ಆ ಪಾತ್ರೆಯಿಂದ ಹೊರಗೆ ಬಂದಿಲ್ಲ. ಕ್ಷಾರದಲ್ಲಿ ಕರಗಿ, ಆಮ್ಲ ಬಿದ್ದೊಡನೆ ತಳಕ್ಕೆ ಕೂರುವುದು ಹ್ಯೂಮಿಕ್ ಆಮ್ಲ. ಎರಡರಲ್ಲೂ ಕರಗಿರುವುದು ಫುಲ್ವಿಕ್ ಆಮ್ಲ. ಎರಡಕ್ಕೂ ಜಗ್ಗದೆ ಉಳಿದದ್ದು ಹ್ಯೂಮಿನ್. ಗಮನಿಸಬೇಕಾದ ಮಾತೆಂದರೆ ಸಕ್ಕರೆಗೋ ಉಪ್ಪಿಗೋ ಇರುವಂತೆ ಇದಕ್ಕೆ ಒಂದು ನಿಶ್ಚಿತ ಸೂತ್ರ ಇಲ್ಲ. ಸಾವಿರಾರು ಬಗೆಯ ಅಣುಗಳ ಗುಂಪಿಗೆ ಇಟ್ಟ ಒಂದೇ ಹೆಸರು ಇದು.

ಅಲ್ಲಿಂದ ಶುರುವಾದ ಜಗಳ ಎರಡು ಶತಮಾನ ದಾಟಿದೆ. ಗಿಡ ತಿನ್ನುವುದೇ ಹ್ಯೂಮಸ್ಸನ್ನು, ಅಂದರೆ ಮಣ್ಣಿನಲ್ಲಿ ಕೊಳೆತು ಕಪ್ಪಾದ ಸಾವಯವ ಪದಾರ್ಥವನ್ನು, ಎಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೃಷಿ ವಿಜ್ಞಾನಿ ಆಲ್ಬ್ರೆಕ್ಟ್ ಥೇರ್ ವಾದಿಸಿದ. 1840ರಲ್ಲಿ ರಸಾಯನಶಾಸ್ತ್ರಜ್ಞ ಲೀಬಿಗ್ ಅದನ್ನು ಅಲ್ಲಗಳೆದು, ಗಿಡಕ್ಕೆ ಇಂಗಾಲ ಬರುವುದು ಗಾಳಿಯಿಂದ, ಮಣ್ಣಿನಿಂದ ಬೇಕಾದದ್ದು ಖನಿಜಗಳು ಎಂದ. ರಾಸಾಯನಿಕ ಗೊಬ್ಬರದ ಯುಗಕ್ಕೆ ಬಾಗಿಲು ತೆರೆದದ್ದು ಆ ಮಾತು. 1936ರಲ್ಲಿ ಹ್ಯೂಮಸ್ ಬಗ್ಗೆಯೇ ದಪ್ಪ ಪುಸ್ತಕ ಬರೆದ ಸೆಲ್ಮನ್ ವಾಕ್ಸ್‌ಮನ್, ‘ಹ್ಯೂಮಿಕ್ ಆಮ್ಲ’ ಎಂಬ ಹೆಸರನ್ನೇ ಕೈಬಿಡುವುದು ಒಳ್ಳೆಯದು ಎಂದು ವಾದಿಸಿದರು. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಇದೇ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಹೊರಬಂದದ್ದು. ಅವರಿಗೆ 1952ರ ನೊಬೆಲ್ ಬಂದದ್ದು ಅದರಿಂದ. ಹೆಸರು ಮಾತ್ರ ಅವರ ಮಾತು ಕೇಳಲಿಲ್ಲ, ಉಳಿದುಕೊಂಡಿತು.

2015ರಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಮಣ್ಣಿನ ವಿಜ್ಞಾನಿಗಳಾದ ಯೋಹಾನೆಸ್ ಲೇಮನ್ ಮತ್ತು ಮಾರ್ಕುಸ್ ಕ್ಲೇಬರ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದ ಸಾರಾಂಶ ಇಷ್ಟು. ಕೊಳೆತ ಎಲೆಕಡ್ಡಿಗಳಿಂದ ಮಣ್ಣು ತಾನಾಗಿ ದೊಡ್ಡ ದೊಡ್ಡ ಕಪ್ಪು ಅಣುಗಳನ್ನು ಹೆಣೆಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಮಣ್ಣಿನಲ್ಲಿ ಇರುವುದು ಸೂಕ್ಷ್ಮಜೀವಿಗಳು ತುಂಡರಿಸುತ್ತಲೇ ಇರುವ, ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಸಾವಯವ ಚೂರುಗಳು. ಅವುಗಳಲ್ಲಿ ಕೆಲವು ಜೇಡಿಕಣಗಳಿಗೆ ಅಂಟಿಕೊಂಡು ಬಹುಕಾಲ ಬಾಳುತ್ತವೆ. ಪ್ರಯೋಗಾಲಯದಲ್ಲಿ ಕಾಣುವ ಹ್ಯೂಮಿಕ್ ಆಮ್ಲ ತೀಕ್ಷ್ಣ ಕ್ಷಾರದಲ್ಲಿ ಕುಲುಕಿದ್ದರಿಂದ ಸಿಕ್ಕಿದ್ದು. ಹೊಲದ ಮಣ್ಣಿನಲ್ಲಿ ಅದೇ ರೂಪದಲ್ಲಿ ಕೂತಿರುತ್ತದೆ ಎಂದು ಭಾವಿಸಬಾರದು. ಎಲ್ಲ ವಿಜ್ಞಾನಿಗಳೂ ಇದಕ್ಕೆ ತಲೆದೂಗಿಲ್ಲ, ಚರ್ಚೆ ಬಿಸಿಬಿಸಿಯಾಗಿಯೇ ಇದೆ. ಕೈತೋಟದವರಿಗೆ ಇದರಿಂದ ತಿಳಿಯಬೇಕಾದದ್ದು ಒಂದೇ. ‘ನಿಮ್ಮ ಮಣ್ಣಿನಲ್ಲಿ ಹ್ಯೂಮಿಕ್ ಆಮ್ಲ ಕಡಿಮೆಯಾಗಿದೆ, ಇದನ್ನು ಹಾಕಿ ತುಂಬಿಸಿ’ ಎಂದು ಯಾರಾದರೂ ಹೇಳಿದರೆ ಆ ಮಾತಿನ ಬುಡವೇ ಅಷ್ಟು ಗಟ್ಟಿಯಿಲ್ಲ.

ಪೊಟ್ಟಣದೊಳಗಿನ ಕಪ್ಪು ತಿಪ್ಪೆಯಿಂದ ಬಂದದ್ದಲ್ಲ, ಗಣಿಯಿಂದ ಬಂದದ್ದು. ಕೋಟ್ಯಂತರ ವರ್ಷಗಳ ಹಿಂದಿನ ಕಾಡು ಹೂತು ಕಲ್ಲಿದ್ದಲಾಗುವ ದಾರಿಯಲ್ಲಿ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಾಗುತ್ತದೆ. ನೆಲದ ಮೇಲ್ಭಾಗಕ್ಕೆ ಹತ್ತಿರವಿದ್ದು ಗಾಳಿ ನೀರು ತಾಗಿ ಉತ್ಕರ್ಷಣಗೊಂಡ ಲಿಗ್ನೈಟನ್ನು ಲಿಯೊನಾರ್ಡೈಟ್ ಎನ್ನುತ್ತಾರೆ. ಅಮೆರಿಕದ ನಾರ್ತ್ ಡಕೋಟ ರಾಜ್ಯದ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಲಿಯೊನಾರ್ಡ್ ಅವರ ಹೆಸರು ಅದಕ್ಕೆ ಬಂತು. ಉರುವಲಾಗಿ ಅದು ಅಷ್ಟಕ್ಕಷ್ಟೆ, ಹ್ಯೂಮಿಕ್ ಅಂಶದಲ್ಲಿ ಮಾತ್ರ ಶ್ರೀಮಂತ. ನಮ್ಮ ಪಕ್ಕದಲ್ಲೇ ತಮಿಳುನಾಡಿನ ನೈವೇಲಿ ಇದೆ. 1930ರ ದಶಕದಲ್ಲಿ ಜಂಬುಲಿಂಗ ಮುದಲಿಯಾರ್ ಎಂಬ ಜಮೀನುದಾರರು ಬಾವಿ ತೋಡಿಸುವಾಗ ನೀರಿನ ಜತೆ ಕಪ್ಪು ಪದಾರ್ಥ ಮೇಲೆ ಬಂತು ಎಂಬಲ್ಲಿಂದ ಆ ಊರಿನ ಕಥೆ ಶುರು. 1956ರಲ್ಲಿ ನೈವೇಲಿ ಲಿಗ್ನೈಟ್ ಕಾರ್ಪೊರೇಷನ್ ಹುಟ್ಟಿತು. ಅಲ್ಲಿ ಉರಿದ ಲಿಗ್ನೈಟಿನಿಂದ ಕರ್ನಾಟಕದ ಮನೆಗಳಿಗೂ ಒಂದಿಷ್ಟು ಕರೆಂಟು ಬರುತ್ತದೆ. ಅದೇ ಲಿಗ್ನೈಟಿನಿಂದ ತೆಗೆದ ಹ್ಯೂಮಿಕ್ ಆಮ್ಲದ ಮೇಲೆ ತಮಿಳುನಾಡಿನ ಕೃಷಿ ಸಂಶೋಧಕರು ಬಹುಕಾಲದಿಂದ ಪ್ರಯೋಗ ನಡೆಸಿದ್ದಾರೆ.

ಕಲ್ಲಿದ್ದಲಿನ ನೆಂಟ, ಅದರ ಮೇಲೆ ತೀಕ್ಷ್ಣ ಕ್ಷಾರವಾದ ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ಮಿಂದು ಬಂದದ್ದು. ಇದನ್ನು ಸಾವಯವ ಎನ್ನಬಹುದೇ? ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಸಾವಯವ ಕೃಷಿ ನಿಯಮ ಇದಕ್ಕೆ ಅನುಮತಿ ಕೊಡುತ್ತದೆ, ಷರತ್ತು ಹಾಕಿ. ನಿಸರ್ಗದಲ್ಲಿ ಸಿಗುವ ನಿಕ್ಷೇಪವಾಗಿರಬೇಕು, ನೀರು ಅಥವಾ ಕ್ಷಾರದಿಂದ ಮಾತ್ರ ತೆಗೆದಿರಬೇಕು. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ‘ಜೈವಿಕ ಉತ್ತೇಜಕಗಳು’ ಎಂಬ ಹೊಸ ವರ್ಗ ಮಾಡಿದರು. ಹ್ಯೂಮಿಕ್ ಮತ್ತು ಫುಲ್ವಿಕ್ ಆಮ್ಲಗಳು ಅದರೊಳಗೆ ಬಂದವು. ಸರ್ಕಾರ ಇದನ್ನು ಗೊಬ್ಬರ ಎನ್ನಲಿಲ್ಲ, ಉತ್ತೇಜಕ ಎಂದಿತು. ಅಂಗಡಿಯ ಮಾತಿಗಿಂತ ಈ ಕಡತದ ಮಾತೇ ಸತ್ಯಕ್ಕೆ ಹತ್ತಿರ.

ಉತ್ತೇಜಿಸುವುದು ಏನನ್ನು? ಬೇರನ್ನು. ಬ್ರೆಜಿಲ್‌ನ ಲೂಸಿಯಾನೊ ಕನೆಲಾಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಹೆಸರುವಾಸಿ. ಎರೆಹುಳು ಗೊಬ್ಬರದಿಂದ ಹ್ಯೂಮಿಕ್ ಆಮ್ಲ ತೆಗೆದು ಮುಸುಕಿನ ಜೋಳದ ಸಸಿಗಳಿಗೆ ಕೊಟ್ಟರು. ಬೇರು ಉದ್ದವಾಯಿತು, ಪಕ್ಕದ ಕವಲುಬೇರುಗಳು ಹೆಚ್ಚು ಒಡೆದವು. ಬೇರಿನ ಜೀವಕೋಶದ ಪೊರೆಯಲ್ಲಿ ಪ್ರೋಟಾನುಗಳನ್ನು ಹೊರದಬ್ಬುವ ಪುಟ್ಟ ಪಂಪುಗಳಿರುತ್ತವೆ, ಅವು ಚುರುಕಾದವು. ಆ ಪಂಪು ಓಡಿದರೆ ಕೋಶದ ಗೋಡೆ ಸಡಿಲಗೊಂಡು ಬೇರು ನೀಳವಾಗುತ್ತದೆ, ಪೋಷಕಾಂಶಗಳು ಒಳಬರುವುದೂ ಸಲೀಸು. ಗಿಡದ ಸ್ವಂತ ಹಾರ್ಮೋನಾದ ಆಕ್ಸಿನ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಇದರ ಜತೆಗೆ ಹ್ಯೂಮಿಕ್ ಅಣುಗಳು ಕಬ್ಬಿಣ, ಸತುವಿನಂಥ ಲೋಹಗಳನ್ನು ಕೈಹಿಡಿದು ಕರಗಿದ ಸ್ಥಿತಿಯಲ್ಲೇ ಇಟ್ಟುಕೊಳ್ಳುತ್ತವೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಇದು ಸಣ್ಣ ಉಪಕಾರವಲ್ಲ.

ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಒಂದು ವಿಶ್ಲೇಷಣೆ 2014ರಲ್ಲಿ ಬಂತು. ಮೈಕೆಲ್ ರೋಸ್ ಮತ್ತು ಸಹೋದ್ಯೋಗಿಗಳು ಮಾಡಿದ್ದು. ಹ್ಯೂಮಿಕ್ ಪದಾರ್ಥ ಕೊಟ್ಟ ಗಿಡಗಳಲ್ಲಿ ಕಾಂಡ ಎಲೆಗಳ ಒಣತೂಕ ಸರಾಸರಿ 22%, ಬೇರಿನ ಒಣತೂಕ 21% ಹೆಚ್ಚಿತ್ತು. ಪೊಟ್ಟಣದ ಮೇಲೆ ಅಚ್ಚುಹಾಕಿಸಲು ಇದಕ್ಕಿಂತ ಚೆಂದದ ಅಂಕಿ ಬೇಕೆ? ಆದರೆ ಸರಾಸರಿ ಎಂಬುದು ನೆರೆಯನ್ನೂ ಬರವನ್ನೂ ಕೂಡಿಸಿ ‘ಮಳೆ ಸಾಧಾರಣ’ ಎನ್ನುವ ಜಾತಿಯದು. ಹ್ಯೂಮಿಕ್ ಪದಾರ್ಥದ ಮೂಲ ಯಾವುದು, ಗಿಡ ಯಾವುದು, ಮಣ್ಣಿನ ಪರಿಸ್ಥಿತಿ ಏನು, ಎಷ್ಟು ಹಾಕಿದರು ಎಂಬುದರ ಮೇಲೆ ಫಲ ಏರುಪೇರಾಗುತ್ತದೆ ಎಂದು ಅದೇ ವಿಶ್ಲೇಷಣೆ ಹೇಳುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಫಲ ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಬೆಳವಣಿಗೆ ಕುಗ್ಗಲೂಬಹುದು. ಹಾರ್ಮೋನಿನ ಸ್ವಭಾವವೇ ಹಾಗೆ.

ಈಗ ಆ ಲೆಕ್ಕಕ್ಕೆ ಬರೋಣ. ಹಿತ್ತಲಲ್ಲಿ ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ಒಂದು ಪಾತಿ ಇದೆ ಎನ್ನಿ. ಬೇರು ಆಡುವ ಮೇಲಿನ 15 ಸೆಂಟಿಮೀಟರ್ ಮಣ್ಣನ್ನಷ್ಟೇ ತೂಗಿದರೂ ಸುಮಾರು 2 ಟನ್. ಅದಕ್ಕೆ ಲೀಟರಿಗೆ 2 ಗ್ರಾಂನಂತೆ ಹತ್ತು ಲೀಟರ್ ಹ್ಯೂಮೇಟ್ ನೀರು ಹನಿಸಿದರೆ ಮಣ್ಣಿಗೆ ಸೇರಿದ ಕಪ್ಪು 20 ಗ್ರಾಂ. ಲಕ್ಷ ಪಾಲು ಮಣ್ಣಿಗೆ ಒಂದು ಪಾಲು! ಆ ಪಾತಿಯ ಸಾವಯವ ಅಂಶವನ್ನು ಬರೀ 1% ಏರಿಸಲು ಬೇಕಾದ ಸಾವಯವ ಪದಾರ್ಥ 20 ಕೆಜಿ, ಅದೂ ತೇವ ಕಳೆದು ಒಣಗಿದ್ದು. ಅಂದರೆ ಪೊಟ್ಟಣ ಕೊಡುವುದು ಅದರ ಸಾವಿರದ ಒಂದಂಶ. ಮಣ್ಣನ್ನು ಸಡಿಲ ಮಾಡುತ್ತದೆ, ನೀರು ಹಿಡಿದಿಡುತ್ತದೆ, ಎರೆಹುಳು ಕರೆತರುತ್ತದೆ ಎಂಬ ಘೋಷಣೆಗಳೆಲ್ಲ ಹ್ಯೂಮಸ್ಸಿಗೆ ಸಲ್ಲುವ ಹೊಗಳಿಕೆ. ಅದನ್ನು ಈ 20 ಗ್ರಾಮಿನ ತಲೆಗೆ ಕಟ್ಟಿ ಮಾರುತ್ತಾರೆ. ಇದು ಒಗ್ಗರಣೆ. ಸಾಸಿವೆ ಸಿಡಿದ ಘಮಕ್ಕೆ ಬೀದಿಯವರೆಲ್ಲ ಮೂಗರಳಿಸಬಹುದು. ಪಾತ್ರೆಯಲ್ಲಿ ಸಾರೇ ಇಲ್ಲದಿದ್ದರೆ ಬಡಿಸುವುದೇನನ್ನು?

ಸಾರು ಮಾಡುವ ವಿದ್ಯೆಯಲ್ಲಿ ಕನ್ನಡನಾಡು ಯಾರಿಗೂ ಕಡಿಮೆಯಿಲ್ಲ. ಪ್ರಪಂಚದ ಕಾಂಪೋಸ್ಟ್ ಪಾಠಗಳಲ್ಲಿ ‘ಬೆಂಗಳೂರು ವಿಧಾನ’ ಎಂಬುದೇ ಒಂದಿದೆ. 1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ್ದು. ಗುಂಡಿ ತೋಡಿ, ಊರಿನ ಕಸಕಡ್ಡಿ ಒಂದು ಪದರ, ಮಲ ಅಥವಾ ಸಗಣಿ ಒಂದು ಪದರ ಹೀಗೆ ತುಂಬುತ್ತ ಹೋಗಿ, ಕೊನೆಗೆ ಮೇಲೆ ಕೆಸರುಮಣ್ಣು ಮೆತ್ತಿ ಬಿಟ್ಟುಬಿಡುವುದು. ಮಗುಚುವ ಕೆಲಸವಿಲ್ಲ, ನೀರು ಹಾಕುವ ರಗಳೆಯಿಲ್ಲ. ಆರೆಂಟು ತಿಂಗಳಿಗೆ ಗೊಬ್ಬರ ಸಿದ್ಧ. 1975ರಲ್ಲಿ ನಗರದ ಕಸವನ್ನೇ ಗೊಬ್ಬರ ಮಾಡಲು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದೂ ಇದೇ ಬೆಂಗಳೂರಿನಲ್ಲಿ. ಶಿರಸಿ, ಸಿದ್ದಾಪುರದ ಕಡೆಯ ಅಡಕೆ ಬೆಳೆಗಾರರ ಲೆಕ್ಕ ಇನ್ನೂ ದೊಡ್ಡದು. ಅಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ಏರ್ಪಾಡು ಬ್ರಿಟಿಷರ ಕಾಲದಿಂದ ಇದೆ. ಬೆಟ್ಟದ ಸೊಪ್ಪು, ದರಕು (ಒಣ ತರಗೆಲೆ) ಕೊಟ್ಟಿಗೆಗೆ ಬಂದು, ದನದ ಕಾಲಡಿ ತುಳಿತಕ್ಕೆ ಸಿಕ್ಕಿ, ಗೊಬ್ಬರಗುಂಡಿಯಲ್ಲಿ ಕಳಿತು ತೋಟ ಸೇರುತ್ತದೆ. ಎಕರೆ ನೆಲದ ಕಪ್ಪನ್ನು ಕಾಯಲು ಒಂಬತ್ತು ಎಕರೆಯ ಹಸಿರು ಬೇಕಾಗಿತ್ತು ಎಂಬುದನ್ನು ಪೊಟ್ಟಣದ ಪಕ್ಕದಲ್ಲಿ ಇಟ್ಟು ನೋಡಬೇಕು.

ಬಯಲುಸೀಮೆಯ ಕೆಂಪು ಮಣ್ಣಿಗಂತೂ ಕಳಿತ ಗೊಬ್ಬರದ ಈ ಕಪ್ಪು ಪ್ರಾಣ. ಆ ಮಣ್ಣಿನ ಜೇಡಿಯಲ್ಲಿ ಹೆಚ್ಚಿನದು ಕೆಯೊಲಿನೈಟ್ ಎಂಬ ಖನಿಜ. ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಅದೇ ತೂಕದ ಹ್ಯೂಮಸ್ಸಿಗೆ ಅದರ ಹತ್ತಾರು ಪಟ್ಟು ಹೆಚ್ಚು. ಹಾಕಿದ ಪೊಟ್ಯಾಷು, ಕ್ಯಾಲ್ಸಿಯಂ ಮಳೆಗೆ ಕೊಚ್ಚಿಹೋಗದೆ ಉಳಿಯುವುದು ಹ್ಯೂಮಸ್ಸಿನ ಆಸರೆಯಲ್ಲಿ. ಉತ್ತರ ಕರ್ನಾಟಕದ ಎರೆಮಣ್ಣು ಕಪ್ಪಗಿದೆಯಲ್ಲ ಎಂದು ಮೋಸಹೋಗಬಾರದು. ಅಲ್ಲಿಯೂ ಸಾವಯವ ಇಂಗಾಲ ಎಷ್ಟೋ ಕಡೆ ಕಡಿಮೆಯೇ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 0.5%ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75% ದಾಟಿದರೆ ‘ಹೆಚ್ಚು’ ಎಂದು ಬರೆಯುತ್ತಾರೆ. ಬಿಸಿಲುನಾಡಿನಲ್ಲಿ ಹಾಕಿದ ಗೊಬ್ಬರ ಬೇಗ ಕರಗಿ ಗಾಳಿಗೆ ಹೋಗುವುದರಿಂದ ವರ್ಷವರ್ಷವೂ ಹಾಕುತ್ತಲೇ ಇರಬೇಕು. ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬ ಶಿಫಾರಸನ್ನು ನಮ್ಮ ಹಿತ್ತಲ ಪಾತಿಗೆ ಇಳಿಸಿದರೆ 25 ಕೆಜಿ, ಅಂದರೆ ಎರಡು ದೊಡ್ಡ ಬುಟ್ಟಿ.

ಹಾಗಾದರೆ ಹ್ಯೂಮೇಟ್ ದಂಡವೇ? ಅಲ್ಲ. ಸಾರು ಇದ್ದಲ್ಲಿ ಒಗ್ಗರಣೆಗೆ ಬೆಲೆಯಿದೆ. ತಾರಸಿಯ ಗ್ರೋ ಬ್ಯಾಗಿನಲ್ಲಿ ಕೋಕೊಪೀಟೇ ಜಾಸ್ತಿಯಾಗಿ ಮಣ್ಣು ನೆಪಕ್ಕಿದ್ದಾಗ, ಟೊಮೆಟೊ ಬದನೆ ಸಸಿ ಕಿತ್ತು ನೆಟ್ಟ ಮೊದಲ ವಾರಗಳಲ್ಲಿ, ಉಪ್ಪು ಅಥವಾ ಸುಣ್ಣದ ಕಾಟವಿರುವ ನೆಲದಲ್ಲಿ ಇದರ ಉಪಕಾರ ಕಣ್ಣಿಗೆ ಕಾಣುವ ಸಾಧ್ಯತೆ ಹೆಚ್ಚು. ಹತ್ತು ವರ್ಷದಿಂದ ಎರೆಗೊಬ್ಬರ ಉಂಡ ಪಾತಿಯಲ್ಲಿ ಕಾಣದೆಯೂ ಹೋಗಬಹುದು, ಅದಕ್ಕೆ ಬೇಸರಪಡಬೇಕಿಲ್ಲ. ಲೀಟರಿಗೆ 1ರಿಂದ 2 ಗ್ರಾಂ ಸಾಕು. ಒದ್ದೆ ಮಣ್ಣಿಗೆ, ಬಿಸಿಲು ಇಳಿದ ಮೇಲೆ, ಬುಡಕ್ಕೆ ಹನಿಸುವುದು.

ನೀರಿನ ವಿಷಯ ಬಹಳ ಜನ ಮರೆಯುತ್ತಾರೆ. ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ಹ್ಯೂಮಿಕ್ ಅಣುಗಳು ಅದನ್ನು ಕಂಡೊಡನೆ ಗಂಟುಗಂಟಾಗಿ ತಳಕ್ಕೆ ಕೂರುತ್ತವೆ, ಸ್ಪ್ರೇಯರಿನ ಮೂತಿ ಕಟ್ಟಿಕೊಳ್ಳುತ್ತದೆ. ಹಿಡಿದಿಟ್ಟ ಮಳೆನೀರಾದರೆ ಈ ತಾಪತ್ರಯವಿಲ್ಲ. ಕ್ಯಾಲ್ಸಿಯಂ ನೈಟ್ರೇಟನ್ನೋ ಹುಳಿಯ ಗೊಬ್ಬರವನ್ನೋ ಇದೇ ಕ್ಯಾನಿಗೆ ಬೆರೆಸಿದರೂ ಅದೇ ಗತಿ. ಇನ್ನೊಂದು ಕಿವಿಮಾತು, ಹೊಸ ಮೊಸಾಯಿಕ್ ನೆಲದ ಮೇಲೆ ಈ ನೀರು ಚೆಲ್ಲಬೇಡಿ. ಕಲೆ ಹೋಗಿಸುವಷ್ಟರಲ್ಲಿ ಮನೆಯವರ ಕೈಲಿ ಅಷ್ಟೋತ್ತರ ಕೇಳಿಸಿಕೊಳ್ಳಬೇಕಾಗುತ್ತದೆ.

ಪೊಟ್ಟಣದ ಮುಖದ ಮೇಲೆ ದಪ್ಪಕ್ಷರದಲ್ಲಿ 98% ಎಂದಿರುತ್ತದೆ. ಯಾವುದರ 98%? ಹ್ಯೂಮಿಕ್ ಆಮ್ಲದ್ದೋ, ಹ್ಯೂಮೇಟಿನದ್ದೋ, ನೀರಿನಲ್ಲಿ ಕರಗುವ ಪ್ರಮಾಣವೋ? ಹಳೆಯ ಅಳತೆಯ ವಿಧಾನಗಳಲ್ಲಿ ಒಂದು ದ್ರಾವಣದ ಬಣ್ಣ ಎಷ್ಟು ಗಾಢ ಎಂಬುದನ್ನು ನೋಡುವುದು. ಬಣ್ಣ ನೋಡಿ ಕಾಫಿಯ ಗುಣ ಹೇಳಿದ ಹಾಗೆ, ಚಿಕೋರಿಯೂ ಕಪ್ಪೇ. ಇದನ್ನು ಸರಿಪಡಿಸಲು 2018ರಲ್ಲಿ ಐಎಸ್‌ಒ 19822 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಮನೆಯಲ್ಲಿ ಅಷ್ಟು ಸಾಧ್ಯವಿಲ್ಲದಿದ್ದರೂ ಆಶಾರ್ಡ್ 1786ರಲ್ಲಿ ಮಾಡಿದ್ದನ್ನು ಅಡುಗೆಮನೆಯಲ್ಲೇ ಮಾಡಬಹುದು. ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಹ್ಯೂಮೇಟ್ ಕರಗಿಸಿ, ಒಂದು ಇಡೀ ನಿಂಬೆಹಣ್ಣು ಹಿಂಡಿ, ಕದಡಿ ಬಿಡಿ. ನಿಜವಾದ ಹ್ಯೂಮಿಕ್ ಆಮ್ಲವಾದರೆ ಹಾಲು ಒಡೆದಂತೆ ಕಪ್ಪು ಒಡೆಯುತ್ತದೆ. ಸ್ವಲ್ಪ ಹೊತ್ತಿಗೆ ಗಷ್ಟು ಕೆಳಗೆ, ತಿಳಿ ಮೇಲೆ. ಕಾಕಂಬಿಯನ್ನೋ, ಕಾಗದ ಕಾರ್ಖಾನೆಯ ಲಿಗ್ನೊಸಲ್ಫೊನೇಟನ್ನೋ ಬೆರೆಸಿದ್ದರೆ ಆ ಪಾಲು ಒಡೆಯದೆ ಕಂದಾಗಿಯೇ ನಿಂತಿರುತ್ತದೆ. ಇದು ಶುದ್ಧತೆಯ ಪ್ರಮಾಣಪತ್ರವಲ್ಲ, ಸುಮ್ಮನೆ ಬಣ್ಣದ ನೀರೋ ಅಲ್ಲವೋ ಎಂದು ತಿಳಿಯಲು ಅಷ್ಟೆ.

ಇನ್ನು ಗಿಡದ ಸಾಕ್ಷಿ. ಹ್ಯೂಮೇಟಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಪೊಟ್ಯಾಷ್ ಇರುತ್ತದೆ. ಎಲೆ ಹಸಿರಾದರೆ ಅದು ಹ್ಯೂಮಿಕ್ ಮಹಿಮೆಯೋ, ಪೊಟ್ಯಾಷಿನದ್ದೋ ಹೇಳುವುದು ಹೇಗೆ? ಕೇಳುಗರಲ್ಲಿ ಕೈತೋಟ ಇರುವವರು ಒಂದು ಬೆಳೆಯಲ್ಲಿ ಪರೀಕ್ಷಿಸಿ ನೋಡಲಿ. ಒಂಬತ್ತು ಚೀಲ, ಒಂದೇ ಮಣ್ಣು, ಒಂದೇ ಪೊಟ್ಟಣದ ಮೂಲಂಗಿ ಬೀಜ. ಮೂರಕ್ಕೆ ಹ್ಯೂಮೇಟ್ ನೀರು, ಮೂರಕ್ಕೆ ಪೊಟ್ಯಾಷಿಗೆಂದು ಚಿಟಿಕೆ ಸೌದೆ ಒಲೆಯ ಬೂದಿ ಕದಡಿದ ನೀರು, ಮೂರಕ್ಕೆ ಬರೀ ನೀರು. ಅಳತೆ ಎಲ್ಲಕ್ಕೂ ಒಂದೇ. ಚೀಲದ ಮೇಲೆ ಗುರುತು ಹಾಕಿ, ಬಿಸಿಲು ಸಮನಾಗಿ ಬೀಳುವಂತೆ ವಾರಕ್ಕೊಮ್ಮೆ ಜಾಗ ಬದಲಿಸಿ. ನಲವತ್ತೈದು ದಿನಕ್ಕೆ ಕಿತ್ತು, ತೊಳೆದು, ತಕ್ಕಡಿಗೆ ಹಾಕಿ. ಹ್ಯೂಮೇಟಿನ ಮೂರು ಗೆದ್ದರೆ ಧಾರಾಳವಾಗಿ ಕೊಳ್ಳಿ, ಆದರೆ ಮೂಲ ಯಾವುದು, ಹ್ಯೂಮಿಕ್ ಅಂಶ ಎಷ್ಟು, ತಯಾರಿಸಿದ ತಿಂಗಳು ಯಾವುದು ಎಂದು ಬರೆದಿರುವ ಪೊಟ್ಟಣವನ್ನೇ ಕೇಳಿ. ಅವನ್ನು ಬರೆದಿಲ್ಲವೆಂದರೆ ಅಂಗಡಿಯವರ ಕೈಗೇ ವಾಪಸ್ ಕೊಟ್ಟು, ಆ ದುಡ್ಡಿಗೆ ಒಂದು ಚೀಲ ಎರೆಹುಳು ಗೊಬ್ಬರ ಹೊತ್ತು ತನ್ನಿ.